ಬಾಲದ ಗೂಡಿನ ಸಿರಿಲ್

ಮೇವಿಸ್ ಒಲೆಯ ಬೂದಿಯನ್ನು ಬಕೆಟ್ಟಿಗೆ ಗೋರುತ್ತಿದ್ದಾಗ ಅರ್ನಿ ಹಿತ್ತಲ ಬಾಗಿಲಿಗೆ ಬಂದು ನಿಂತ. ಆ ಲಿಂಕನ್‌ಶೈರಿನ ಹಳ್ಳಿಯ ಮಾಜಿ ಸೈನಿಕರ ಸಂಘಕ್ಕೆ ಅವನೇ ಕಾರ್ಯದರ್ಶಿ.

"ಬಾವುಟ ಕೊಡೋಕಾಗಲ್ಲ ಮೇವಿಸ್. ನಿಮ್ಮಪ್ಪ ಯುದ್ಧದಲ್ಲಿ ವಿಮಾನ ಹತ್ತಲ್ಲ ಅಂದೋನು. ನಮ್ಮವರು ಒಪ್ತಿಲ್ಲ."

ಮಧ್ಯಾಹ್ನ ಅಪ್ಪನ ಮಣ್ಣು. ಶವಪೆಟ್ಟಿಗೆಯ ಮೇಲೆ ಸೈನಿಕರಿಗೆ ಹೊದಿಸುವ ಬಾವುಟವಿಲ್ಲದಿದ್ದರೆ ಹೇಡಿ ಎಂಬ ಮಾತು ಅಪ್ಪನ ಜೊತೆ ಹೂತುಹೋಗುವುದಿಲ್ಲ. ಪಬ್ಬಿನಲ್ಲಿ ಅಪ್ಪನನ್ನು ಕಂಡಾಗಲೆಲ್ಲ ಇದೇ ಅರ್ನಿ, "ಬಾಗಿಲ ಹತ್ರ ಕೂತ್ಕೋ ಸಿರಿಲ್, ಓಡೋಕೆ ಸುಲಭ," ಎಂದು ನಗಿಸುತ್ತಿದ್ದವನು.

ಯುದ್ಧದಲ್ಲಿ ಅಪ್ಪನ ವಿಮಾನದ ಪೈಲಟ್ ಆಗಿದ್ದ ಹಾರ್ಗ್ರೀವ್ ಮಣ್ಣಿಗೆ ಬರುತ್ತಾರೆ, ಅವರನ್ನೇ ಕೇಳು ಎಂದಳು ಮೇವಿಸ್.

"ಅವರೊಂದು ಮಾತು ಹೇಳಲಿ, ನಾನೇ ಹೊದಿಸ್ತೀನಿ."

*

ಯುದ್ಧದ ದಿನಗಳಲ್ಲಿ ಸಿರಿಲ್ ಬಾಂಬರ್ ವಿಮಾನದ ಬಾಲದ ಗೂಡಿನಲ್ಲಿ ಬಂದೂಕು ಹಿಡಿದು ಕೂರುತ್ತಿದ್ದ, ಉಳಿದವರಿಗೆಲ್ಲ ಬೆನ್ನು ಹಾಕಿ, ಬಂದ ದಾರಿಯನ್ನೇ ನೋಡುತ್ತ. ಗೂಡಿನ ಗಾಜಿಗೆ ಹಿಮ ಕಟ್ಟಿ ವೈರಿ ಕಾಣುವುದಿಲ್ಲವೆಂದು ಹಾರ್ಗ್ರೀವ್ ಮೇಲಿನವರಿಗೆ ಹೇಳದೆ ಅದನ್ನು ಕೊಯ್ಸಿ ತೆಗೆಸಿದ್ದ. ನೋಟ ನಿಚ್ಚಳವಾಯಿತು, ನುಗ್ಗುವ ಚಳಿಗಾಳಿಗೆ ಬೆರಳು ಮರಗಟ್ಟಿದವು. ಒಂದು ಬೆಳಿಗ್ಗೆ ಸಿರಿಲನಿಗೆ ಕೋಟಿನ ಗುಂಡಿಯನ್ನೂ ಹಾಕಲಾಗಲಿಲ್ಲ. ಈ ಕೈಯಲ್ಲಿ ಬಂದೂಕಿನ ಕುದುರೆ ಎಳೆಯಲಾರೆ, ನನ್ನನ್ನು ಕೂರಿಸಿಕೊಂಡರೆ ಎಲ್ಲರೂ ಸಾಯುತ್ತೀರಿ ಎಂದು ಹಾರಲು ಒಪ್ಪಲಿಲ್ಲ.

"ಗಾಜಿನ ಸುದ್ದಿ ಎತ್ತಬೇಡ ಸಿರಿಲ್. ನಿನ್ನ ಬೆರಳಿನ ವಿಷಯ ಡಾಕ್ಟರಿಗೆ ನಾನು ಹೇಳ್ತೀನಿ," ಎಂದ ಹಾರ್ಗ್ರೀವ್.

ಸಿರಿಲ್ ನಂಬಿ ಬಾಯಿ ಮುಚ್ಚಿಕೊಂಡ. ಹಾರಲು ಒಪ್ಪದ್ದಕ್ಕೆ ನಡೆದ ವಿಚಾರಣೆಯ ದಿನ ಹಾರ್ಗ್ರೀವನೂ ಬಾಯಿ ಮುಚ್ಚಿಕೊಂಡ. ಸಾಲು ನಿಂತವರೆದುರು ಸಿರಿಲನ ಎದೆಯ ಮೇಲಿದ್ದ, ವಿಮಾನದ ಬಂದೂಕುಗಾರರಿಗೆ ಕೊಡುವ ಒಂಟಿ ರೆಕ್ಕೆಯ ಬಿಲ್ಲೆಯನ್ನು ಕಿತ್ತರು.

ಇದನ್ನು ಅವನು ಹೇಳಿದ್ದು ಕೊನೆಯ ಚಳಿಗಾಲದಲ್ಲಿ, ಮೊಮ್ಮಗಳು ಟೀನಾ ಅವನ ಅಂಗಿಯ ಗುಂಡಿ ಹಾಕುತ್ತಿದ್ದಾಗ. ಮೇವಿಸ್ ಪಕ್ಕದಲ್ಲೇ ಬಟ್ಟೆ ಮಡಚುತ್ತಿದ್ದಳು.

*

ಚರ್ಚಿನ ಗೇಟಿನಲ್ಲಿ ಹಾರ್ಗ್ರೀವ್ ಮೇವಿಸಳ ಕೈ ಹಿಡಿದುಕೊಂಡ. ಅಂಥ ಕಣ್ಣು ನಮ್ಮ ತಂಡದಲ್ಲಿ ಇನ್ನೊಂದಿರಲಿಲ್ಲ, ನಾನು ಬದುಕಿರುವುದೇ ಅವನಿಂದ ಎಂದ. ಎದೆಯ ಮೇಲೆ ಪದಕಗಳ ಸಾಲು.

ಅರ್ನಿ ಮಡಚಿದ ಬಾವುಟವನ್ನು ಕಂಕುಳಲ್ಲಿಟ್ಟುಕೊಂಡು ಹತ್ತಿರ ಬಂದ. "ಸಾಹೇಬ್ರೇ, ಸಿರಿಲ್ ಹೆದರಿ ಹಾರದೇ ಇದ್ದದ್ದಲ್ಲ ಅಂತ ನೀವು ಹೇಳ್ತೀರಾ?"

ಹಾರ್ಗ್ರೀವ್ ಸುತ್ತಲಿನ ಮುಖಗಳನ್ನು ನೋಡಿದ. ಹಳೆಯ ಮಾತೇಕೆ, ಹೋದವರು ನೆಮ್ಮದಿಯಾಗಿರಲಿ ಎಂದು ಮೇವಿಸಳ ಕೈ ಬಿಟ್ಟ. ಅರ್ನಿ ಹಿಂದೆ ಸರಿದ. ಹೊರುವವರು ಬರಿಯ ಪೆಟ್ಟಿಗೆಗೆ ಹೆಗಲು ಕೊಟ್ಟರು.

ಮೇವಿಸಳ ಪಕ್ಕದಲ್ಲಿದ್ದ ಟೀನಾ ಮಿಸುಕಿದಳು. ಸುಮ್ಮನಿರು ಎಂಬಂತೆ ಮೇವಿಸ್ ಅವಳ ಭುಜ ಅದುಮಿದಳು. ಆಮೇಲೆ ಕೈ ತೆಗೆದಳು.

ಹುಡುಗಿ ಹೋಗಿ ಹಾರ್ಗ್ರೀವನ ಪದಕಗಳ ಎದುರು ನಿಂತು ತಲೆಯೆತ್ತಿದಳು.

"ಡಾಕ್ಟರಿಗೆ ಹೇಳ್ತೀನಿ ಅಂತ ತಾತಂಗೆ ಅಂದಿದ್ರಲ್ಲ, ಯಾಕೆ ಹೇಳ್ಲಿಲ್ಲ?"