ನಡುಗುವ ಕಾಲು

ಕಂಪ್ಲಿಯ ಅಕ್ಕಿ ಗಿರಣಿಯ ಮಾಲೀಕ ಜಡೆಪ್ಪನಿಗೆ ಎರಡು ರೋಗ ಒಟ್ಟಿಗೆ ಗಂಟುಬಿದ್ದಿದ್ದವು. ಬಲಗಾಲಿನ ಹೆಬ್ಬೆರಳು ಕೆಂಪಗೆ ಊದಿ, ಪಂಚೆಯ ಅಂಚು ತಾಕಿದರೂ ಜೀವ ಹೋಗುವಷ್ಟು ಉರಿಯುತ್ತಿತ್ತು. ಅಲುಗಾಡಿಸದೆ ಇಟ್ಟುಕೊಳ್ಳೋಣವೆಂದರೆ ಕಾಲು ಅವನ ಮಾತು ಕೇಳುತ್ತಿರಲಿಲ್ಲ. ಕೈಯಂತೆ ಅದೂ ಹಗಲೆಲ್ಲ ನಡುಗುತ್ತಿತ್ತು. ಗಂಡು ಸಂತಾನಕ್ಕೆಂದು ಕಟ್ಟಿಕೊಂಡ ಕಿರಿಯ ಹೆಂಡತಿ ಪಂಪಮ್ಮ ಒಂದು ವರ್ಷ ನೋಡಿದಳು. ಸಂಡೂರಿನ ತವರಿಗೆ ಹೋದವಳು ತಿರುಗಿ ಬರಲಿಲ್ಲ. ಆಗ ಅವನಿಗೆ, ಹದಿನೆಂಟು ವರ್ಷದಿಂದ ಹಿತ್ತಲ ಕೋಣೆಯಲ್ಲಿದ್ದ ಹಿರಿಯ ಹೆಂಡತಿ ನೀಲಗಂಗಮ್ಮನ ನೆನಪಾಯಿತು.

ಅವಳು ಅವನ ಮೀನಖಂಡವನ್ನು ಎರಡೂ ಕೈಯಿಂದ ಹಿಡಿದು ಕೂರುವಳು. ಸಡಿಲ ಬಿಟ್ಟರೆ ನಡುಕ, ಬಿಗಿ ಹಿಡಿದರೆ ಬೈಗುಳ.

೧೯೩೪ರ ಬೇಸಿಗೆಯಲ್ಲಿ ಗಾಡಿ ಕಟ್ಟಿಸಿ ಹೊಸಪೇಟೆಯ ಡಾಕ್ಟರರಲ್ಲಿಗೆ ಹೋದರು.

"ಬೆರಳಿಗೆ ಔಷಧ ಕೊಡ್ತೀನಿ, ಬಾವು ಇಳೀತದ. ನಡುಕ ಮಾತ್ರ ವಾಸಿ ಆಗೂದಲ್ಲ," ಎಂದರು ಡಾಕ್ಟರು. "ಈಕಿ ಯಾರು? ಕಾಲು ಭಾಳ ಹದವಾಗಿ ಹಿಡದಾಳ."

ಜಡೆಪ್ಪ ಅವಳ ಮಾಸಿದ ಸೀರೆಯತ್ತ ಒಮ್ಮೆ ನೋಡಿದ. "ಮನಿ ಕೆಲಸದಾಕಿ."

ನೀಲಗಂಗಮ್ಮ ಕಾಲು ಹಿಡಿದೇ ಅವನನ್ನು ಗಾಡಿ ಹತ್ತಿಸಿದಳು. ವಾಪಸು ಬರುವಾಗ, ತನ್ನ ತವರೂರು ಕಮಲಾಪುರ ಬಂದದ್ದೇ ಗಾಡಿ ನಿಲ್ಲಿಸಿ ಇಳಿದಳು.

"ಎಲ್ಲಿಗೆ ಹೊಂಟೀ?"

"ಕೆಲಸದಾಕಿ ಕೆಲಸ ಬಿಟ್ಟಾಳ್ರಿ. ಬ್ಯಾರೆದಾಕೀನ ನೋಡ್ಕೊಳ್ರಿ."

ದಾರಿಯ ಮೊದಲ ಗುಂಡಿಗೆ ಚಕ್ರ ಇಳಿದದ್ದೇ ಗಾಡಿಯೊಳಗಿಂದ ಅವನ ಕೂಗು ಕೇಳಿತು. ಅವಳಿಗೆ ಹಿತವಾಯಿತು. ತಿರುಗಿ ನೋಡಲಿಲ್ಲ.

ಅಣ್ಣ ಎರ್ರಿಯಪ್ಪನ ಮನೆಯಲ್ಲಿ ಮೊದಲ ದಿನ ಬಿಸಿ ರೊಟ್ಟಿ ಸಿಕ್ಕಿತು. ಎರಡನೆಯ ದಿನ ಅತ್ತಿಗೆ, "ಯಾವಾಗ ಹೋಗ್ತೀರಿ?" ಎಂದು ಕೇಳಿದಳು. ಮೂರನೆಯ ದಿನ ಅಣ್ಣನೇ ಬುತ್ತಿ ಕಟ್ಟಿಸಿ ಜಗಲಿಯ ಮೇಲಿಟ್ಟ. "ಎಷ್ಟಾದ್ರೂ ಗಂಡನ ಮನಿ, ತಂಗಿ."

ಅವಳು ನಡೆದೇ ಕಂಪ್ಲಿ ಸೇರಿದಾಗ ಹೊತ್ತು ಇಳಿಯುತ್ತಿತ್ತು. ಪಡಸಾಲೆಯಲ್ಲಿ ಜಡೆಪ್ಪನ ಕಾಲನ್ನು ಆಳುಗಳು ಅಲುಗದಿರಲೆಂದು ಟವಲಿನಿಂದ ಮಂಚಕ್ಕೆ ಬಿಗಿದಿದ್ದರು. ಗಂಟಿನ ಕೆಳಗೆ ಪಾದವೆಲ್ಲ ಬಾತಿತ್ತು.

ಅವಳು ಎದುರಿಗೆ ನಿಂತು ಅವನ ಮುಖದಲ್ಲಿ ಹುಡುಕಿದಳು. ಒಂದಿಷ್ಟು ನಾಚಿಕೆ ಕಂಡಿದ್ದರೆ ಸಾಕಿತ್ತು. ಆದರೆ ರೋಗ ಆ ಮುಖವನ್ನೂ ಬಿಗಿದುಬಿಟ್ಟಿತ್ತು. ವರ್ಷದಿಂದ ಅದರಲ್ಲಿ ನಗುವಿಲ್ಲ, ಅಳುವಿಲ್ಲ, ರೆಪ್ಪೆ ಬಡಿಯುವುದೂ ಅಪರೂಪ.

"ಬಂದೀ," ಎಂದ ಅವನು, ಕೇಳಿಸದಷ್ಟು ಮೆಲ್ಲಗೆ.

ಅದು ನೆಮ್ಮದಿಯೋ ಕುಹಕವೋ ಅವಳಿಗೆ ತಿಳಿಯಲಿಲ್ಲ. ಇನ್ನು ತಿಳಿಯುವುದೂ ಇಲ್ಲವೆಂದು ಗೊತ್ತಾಗಿ, ಕುಕ್ಕುರುಗಾಲಲ್ಲಿ ಕೂತು ಟವಲಿನ ಗಂಟು ಬಿಚ್ಚತೊಡಗಿದಳು.