ನಿವ್ವಳ ತೂಕ

ಫ್ರಿಜ್ಜಿನ ನಡುವಿನ ಅರೆಯಲ್ಲಿ, ಹಾಲಿನ ಪಾತ್ರೆಯ ಹಿಂದೆ, ತೂಕ ಇಳಿಸಲು ಅಕ್ಕ ಚುಚ್ಚಿಕೊಳ್ಳುವ ಇಂಜೆಕ್ಷನ್ ಪೆನ್ನುಗಳ ಪೆಟ್ಟಿಗೆ ಇರುತ್ತಿತ್ತು. ಪೆಟ್ಟಿಗೆಗೆ ನಾಲ್ಕು ಪೆನ್ನು, ವಾರಕ್ಕೊಂದು. ಎರಡನೆಯ ಪೆಟ್ಟಿಗೆಯಲ್ಲಿ ಈಗ ಒಂದೇ ಉಳಿದಿತ್ತು. ನಾನು ದಿನಕ್ಕೆರಡು ಸಲವಾದರೂ ಬಾಗಿಲು ತೆಗೆದು ಅದನ್ನು ನೋಡುತ್ತಿದ್ದೆ. ನೋಡಿದರೆ ಒಂದು ಎರಡಾಗುವುದಿಲ್ಲ ಎಂದು ಗೊತ್ತಿತ್ತು.

"ಅದಕ್ಕೆ ದೃಷ್ಟಿ ಆಗತ್ತೆ ಕಣೆ, ಬಾಗಿಲು ಹಾಕು. ಕರೆಂಟು ದಂಡ" ಎನ್ನುತ್ತಿದ್ದಳು ಅಕ್ಕ.

ವಿಮೆ ಒಪ್ಪಿದ್ದರೆ ಪೆಟ್ಟಿಗೆಯ ಬೆಲೆಯಲ್ಲಿ ಹತ್ತರಲ್ಲೊಂದು ಪಾಲು ನಾವು ಕೊಟ್ಟರೆ ಸಾಕಿತ್ತು. ವಿಮೆ ಒಪ್ಪಿರಲಿಲ್ಲ. ಪೂರ್ತಿ ಬೆಲೆ ಅಕ್ಕನ ತಿಂಗಳ ಸಂಬಳದ ಅರ್ಧವನ್ನು ದಾಟುತ್ತಿತ್ತು. ಎರಡು ಪೆಟ್ಟಿಗೆಗೆ ನಾನೇ ನನ್ನ ಠೇವಣಿ ಮುರಿದು ಕೊಟ್ಟಿದ್ದೆ. ಮೂರನೆಯದಕ್ಕೆ ಮುರಿಯಲು ಏನೂ ಇರಲಿಲ್ಲ. ನಡುವೆ ನಿಲ್ಲಿಸಿದರೆ ಇಳಿದ ತೂಕ ಹಾಗೇ ವಾಪಸು ಬರುವ ಸಾಧ್ಯತೆಯೇ ಹೆಚ್ಚು ಎಂದು ಡಾಕ್ಟರಮ್ಮ ಮೊದಲ ದಿನವೇ ಹೇಳಿದ್ದರು. ಔಷಧಿ ಅಂಗಡಿಯವನು ಇನ್ನೂ ಚುಟುಕಾಗಿ ಹೇಳಿದ್ದ: "ಶುರು ಮಾಡೋಕೆ ಮುಂಚೆ ಯೋಚನೆ ಮಾಡಿ ಮೇಡಂ. ಇದು ಕೆಮ್ಮಿನ ಔಷಧಿ ಅಲ್ಲ."

ಯೋಚನೆ ಮಾಡಲು ಸಮಯವಿರಲಿಲ್ಲ. ಅಕ್ಕನ ಎರಡೂ ಮಂಡಿ ಸವೆದಿದ್ದವು. ಎಪ್ಪತ್ತೈದು ಕಿಲೋಗೆ ಇಳಿಯದ ಹೊರತು ಆಪರೇಷನ್ ಮಾಡುವುದಿಲ್ಲ ಎಂದು ಮೂಳೆ ಡಾಕ್ಟರು ಕಡ್ಡಿ ಮುರಿದಂತೆ ಹೇಳಿದ್ದರು. ಅಕ್ಕ ಕೆಲಸ ಮಾಡುವುದು ಒಂದು ಗುಜರಿ ಅಂಗಳದ ಕಾಟಾದಲ್ಲಿ, ಅಂದರೆ ಲಾರಿ ತೂಗುವ ಕಡೆ. ಲಾರಿ ನಿಲ್ಲುವ ಕಬ್ಬಿಣದ ಹಾಸಿನ ಪಕ್ಕದಲ್ಲಿ, ಹನ್ನೊಂದು ಮೆಟ್ಟಿಲು ಮೇಲೆ, ಗಾಜಿನ ಕೋಣೆ. ತಾನು ಮೆಟ್ಟಿಲು ಹತ್ತುವುದನ್ನು ಯಾರೂ ನೋಡಬಾರದೆಂದು ಅವಳು ಎಲ್ಲರಿಗಿಂತ ಅರ್ಧ ಗಂಟೆ ಮೊದಲೇ ಹೋಗುತ್ತಿದ್ದಳು. ನಾಲ್ಕನೆಯ ಮೆಟ್ಟಿಲಲ್ಲಿ ಒಮ್ಮೆ, ಎಂಟನೆಯದರಲ್ಲಿ ಒಮ್ಮೆ ನಿಲ್ಲುತ್ತಿದ್ದಳು. ನನಗೆ ಗೊತ್ತಿದ್ದುದು, ಒಂದು ದಿನ ಊಟದ ಡಬ್ಬಿ ಮರೆತು ಹೋದವಳ ಹಿಂದೆಯೇ ಹೋಗಿ ಕಂಡಿದ್ದರಿಂದ. ಡಬ್ಬಿಯನ್ನು ಕೊಡದೆ ಗೇಟಿನ ಹಿಂದೆ ನಿಂತು, ಅವಳು ಒಳಗೆ ಹೋದಮೇಲೆ ಕೂಗಿದ್ದೆ.

ಮೆಟ್ಟಿಲು ಹತ್ತಲಾಗದಿದ್ದರೆ ಕಾಟಾ ಇಲ್ಲ. ಇಪ್ಪತ್ತೆರಡು ವರ್ಷದ ಕೆಲಸ. ಲಾರಿಯವರಿಗೆಲ್ಲ ಅವಳು 'ಕಾಟಾ ಅಕ್ಕ'. ಅವಳು ತೂಗಿದ್ದನ್ನು ಇನ್ನೊಂದು ಕಡೆ ತೂಗಿಸುವ ಗೋಜಿಗೆ ಯಾರೂ ಹೋಗುವುದಿಲ್ಲ.

ನನ್ನ ಕೆಲಸ ಶಾಲಾ ಪುಸ್ತಕಗಳ ಕರಡು ತಿದ್ದುವುದು. ಹೀಗಾಗಿ ವಿಮೆಯವರಿಗೆ ಮೇಲ್ಮನವಿ ಬರೆಯುವುದು ನನ್ನ ಪಾಲಿಗೆ ಬಂತು. ಮೂರು ಸಂಜೆ ಕೂತು ಬರೆದೆ. ಮಂಡಿ, ಮೆಟ್ಟಿಲು, ಇಪ್ಪತ್ತೆರಡು ವರ್ಷ, ಒಂದು ಪದ ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ಹತ್ತು ದಿನಕ್ಕೆ ತಿರಸ್ಕಾರ ಬಂತು. ಫೋನು ಮಾಡಿದರೆ ಆ ಕಡೆಯ ಹೆಂಗಸು ಪಾಪ ಒಳ್ಳೆಯವಳೇ.

"ಪತ್ರ ಓದಿದೆ ಮೇಡಂ. ಚೆನ್ನಾಗಿ ಬರ್ದಿದೀರ. ಆದ್ರೆ ಇಲ್ಲಿ ನನ್ನ ಮುಂದೆ ಇರೋದು ಒಂದೇ ಖಾನೆ. ತೂಕ, ಎತ್ತರ ಹಾಕಿದ್ರೆ ಬಿಎಂಐ ಬರತ್ತೆ. ಮೂವತ್ತೈದು ಇರಬೇಕು. ನಿಮ್ಮಕ್ಕಂದು ಮೂವತ್ತನಾಲ್ಕೂವರೆ."

"ಅರ್ಧಕ್ಕೆ ಇಷ್ಟೊಂದಾ?"

"ಅರ್ಧ ಅಲ್ಲ, ಪಾಯಿಂಟ್ ಒಂದು ಕಮ್ಮಿ ಇದ್ರೂ ಇದು ಮುಂದಕ್ಕೇ ಹೋಗಲ್ಲ ಮೇಡಂ."

"ಮತ್ತೆ ತೂಕ ನೋಡಿ ಕಳಿಸಿದ್ರೆ?"

"ಔಷಧಿ ಶುರು ಮಾಡೋಕೆ ಮುಂಚಿನ ತೂಕ ಬೇಕು. ಈಗಿನದು ಅಲ್ಲ."

ಈಗಿನದರಿಂದ ಹೇಗೂ ಉಪಯೋಗವಿರಲಿಲ್ಲ. ಕೈಯಿಂದ ಹಾಕಿದ ದುಡ್ಡಿಗೆ ಅಕ್ಕ ನಾಲ್ಕು ಕಿಲೋ ಇಳಿದಿದ್ದಳು. ಎಷ್ಟು ಇಳಿದಳೋ ವಿಮೆಯಿಂದ ಅಷ್ಟು ದೂರವಾಗಿದ್ದಳು.

ಆ ಸಂಜೆ ಊಟದ ಮೇಜಿನ ಮೇಲೆ ಎಲ್ಲ ಕಾಗದ ಹರಡಿಕೊಂಡು ಕೂತೆ. ಕರಡು ತಿದ್ದುವಾಗ ಒಬ್ಬರು ಗಟ್ಟಿಯಾಗಿ ಓದಿ ಇನ್ನೊಬ್ಬರು ಮೂಲದ ಮೇಲೆ ಕಣ್ಣಿಡುವುದು ನಮ್ಮಲ್ಲಿ ರೂಢಿ. ಅದೇ ಅಭ್ಯಾಸದಲ್ಲಿ ಡಾಕ್ಟರಮ್ಮನ ಚೀಟಿಯನ್ನು ಗಟ್ಟಿಯಾಗಿ ಓದತೊಡಗಿದೆ. ಅಕ್ಕ ಎದುರಿಗೆ ಕಾಲು ಚಾಚಿ, ಅರ್ಧ ಬಟ್ಟಲು ಸಾರು ಮುಗಿಸಲು ಹೆಣಗುತ್ತಿದ್ದಳು.

"ಎತ್ತರ ನೂರ ಐವತ್ತೆಂಟು. ತೂಕ ಎಂಬತ್ತಾರು ಪಾಯಿಂಟ್ ಎರಡು."

"ಸರಿ ಇದೆ" ಎಂದಳು ಅಕ್ಕ. "ಅದು ನಿವ್ವಳ."

ನಾನು ಚೀಟಿ ಕೆಳಗಿಟ್ಟೆ. "ನಿವ್ವಳ ಅಂದ್ರೆ?"

"ಅಂದ್ರೆ ಏನು, ಒಟ್ಟು ತೂಕದಲ್ಲಿ ಖಾಲಿ ತೂಕ ಕಳೆದದ್ದು. ಯಂತ್ರ ತೋರಿಸಿದ್ದು ಎಂಬತ್ತೊಂಬತ್ತು ಪಾಯಿಂಟ್ ಎರಡು. ಬಟ್ಟೆ, ಬೂಟು ಎಲ್ಲ ಸೇರಿ. ಮೂರು ಕಳ್ಕೊಳಮ್ಮ ಅಂದೆ. ನರ್ಸಮ್ಮ ಕಳ್ಕೊಂಡು ಬರೆದ್ಲು."

"ಬೂಟು ಬಿಚ್ಚಿ ಅನ್ನಲಿಲ್ವಾ ಅವಳು?"

"ಅಂದ್ಲು. ಬಗ್ಗೋಕೆ ಆಗ್ಬೇಕಲ್ಲ. ಅದಕ್ಕೇ ಕಳೆದುಬಿಡು ಅಂದೆ."

ಅಕ್ಕನ ತಲೆಯಲ್ಲಿ ಇದರಲ್ಲಿ ವಿಚಿತ್ರವೇನೂ ಇರಲಿಲ್ಲ. ತುಂಬಿದ ಲಾರಿ ತೂಗಬೇಕು, ಖಾಲಿ ಲಾರಿ ತೂಗಬೇಕು, ಕಳೆಯಬೇಕು, ಉಳಿದದ್ದೇ ಮಾಲು. ಇಪ್ಪತ್ತೆರಡು ವರ್ಷ ದಿನಕ್ಕೆ ನಲವತ್ತು ಸಲ ಮಾಡಿದ ಲೆಕ್ಕ. ಯಂತ್ರ ತೋರಿಸಿದ್ದನ್ನು ಹಾಗೇ ಬರೆಯುವುದೇ ಅವಳಿಗೆ ತಪ್ಪು ಲೆಕ್ಕ.

ನಾನು ವಿಮೆಯ ಅರ್ಜಿಯ ಹಿಂಬದಿಯನ್ನು ತಿರುಗಿಸಿದೆ. ಸಣ್ಣಕ್ಷರದಲ್ಲಿತ್ತು: ಬೂಟು, ಹೊರ ಉಡುಪು ಮತ್ತು ಕಿಸೆಯ ವಸ್ತುಗಳಿಲ್ಲದೆ, ಸಾಧಾರಣ ಬಟ್ಟೆಯಲ್ಲಿ ತೂಕ. ಬಟ್ಟೆಯನ್ನು ಕಳೆಯಬೇಕಿರಲಿಲ್ಲ.

"ಮೂರು ಕಿಲೋ ಅಂತ ಯಾವ ಲೆಕ್ಕದಲ್ಲಿ ಹೇಳ್ದೆ?"

"ಅಂದಾಜು."

"ನೀನು? ಅಂದಾಜು?"

ಮೂಟೆ ಬಂದರೆ ಖಾಲಿ ಚೀಲವನ್ನೂ ಬೇರೆಯಾಗಿ ತೂಗುವವಳು ಅವಳು. ಅಂದಾಜಿಗೆ ಕಳೆಯಲು ಹೇಳಿದ ವ್ಯಾಪಾರಿಯೊಬ್ಬನನ್ನು ಮೆಟ್ಟಿಲಿಂದ ಇಳಿಸಿ ಕಳಿಸಿದ್ದಳು. ಅಕ್ಕ ಚಮಚ ಬಟ್ಟಲಿಗೆ ಹಾಕಿ ಬೇರೆ ಕಡೆ ನೋಡಿದಳು.

"ನಂದೇ ಅಲ್ವಾ, ಜಾಸ್ತಿ ಕಳೆದ್ರೆ ಯಾರಿಗೆ ನಷ್ಟ ಅನ್ಕೊಂಡೆ. ಬೂಟಿಗೊಂದು, ಬಟ್ಟೆಗೊಂದು." ಬಟ್ಟಲನ್ನು ಪಕ್ಕಕ್ಕೆ ಸರಿಸಿ ಹೇಳಿದಳು: "ನಾಚಿಕೆಗೊಂದು."

ಆಮೇಲೆ ಅವಳೇ ನಕ್ಕಳು. ನನಗೆ ನಗು ಬರಲಿಲ್ಲ. ಅವಳ ಎತ್ತರಕ್ಕೆ ಮೂವತ್ತೈದು ಆಗಬೇಕಾದರೆ ಎಂಬತ್ತೇಳು ಕಿಲೋ ನಾನೂರು ಗ್ರಾಂ ಇರಬೇಕೆಂದು ಎಂದೋ ಲೆಕ್ಕ ಹಾಕಿಟ್ಟಿದ್ದೆ. ಬಾಗಿಲ ಬಳಿ ಹೋಗಿ ಬೂಟು ತಂದೆ. ಮುಂದುಗಡೆ ಕಬ್ಬಿಣ ಹಾಕಿದ ಕೆಲಸದ ಬೂಟು. ಅಡುಗೆಮನೆಯ ತಕ್ಕಡಿಯ ಮೇಲೆ ಕಾಗದ ಹಾಸಿ ಒಂದೊಂದಾಗಿ ಇಟ್ಟೆ. ಜೋಡಿಗೆ ಒಂದು ಕಿಲೋ ನೂರ ಇಪ್ಪತ್ತು.

"ಕೀಲಿ ಗೊಂಚಲು ಜೇಬಲ್ಲಿತ್ತು" ಎಂದಳು ಅಕ್ಕ. ಇನ್ನೂರ ನಲವತ್ತು. "ಫೋನು." ನೂರ ತೊಂಬತ್ತು.

"ಅಷ್ಟೇ ತಾನೇ?"

"ಮೇಲೆ ಹಾಕೋ ಮಿಂಚೋ ಪಟ್ಟಿಯ ಜಾಕೆಟ್ಟು. ಕೆಲಸದಿಂದ ನೆಟ್ಟಗೆ ಹೋಗಿದ್ನಲ್ಲ."

ನೂರ ಮೂವತ್ತು. ನಾನು ಕೂಡಿ ಕಳೆದೆ. ಎಂಬತ್ತೇಳು ಪಾಯಿಂಟ್ ಐವತ್ತೆರಡು. ಉಸಿರು ಬಿಟ್ಟೆ.

"ತಾಳು, ಕನ್ನಡಕ" ಎಂದಳು ಅಕ್ಕ.

"ಕನ್ನಡಕ ಯಾರೂ ಕಳೆಯಲ್ಲ ಕಣೆ!"

"ಓದೋ ಕನ್ನಡಕ, ಕಿಸೇಲಿತ್ತು. ಕಿಸೆಯ ವಸ್ತು ಅಂತ ನೀನೇ ಓದಿದ್ಯಲ್ಲ. ತೂಗು."

ಮೂವತ್ತು ಗ್ರಾಂ. ಎಂಬತ್ತೇಳು ಪಾಯಿಂಟ್ ನಲವತ್ತೊಂಬತ್ತು. ಗೆರೆಗಿಂತ ತೊಂಬತ್ತು ಗ್ರಾಂ ಮೇಲೆ. ಇನ್ನೇನಾದರೂ ನೆನಪಾಗುವ ಮೊದಲೇ ನಾನು ತಕ್ಕಡಿಯನ್ನು ಎತ್ತಿ ಕಪಾಟಿಗೆ ಸೇರಿಸಿದೆ.

ಮರುದಿನ ಡಾಕ್ಟರಮ್ಮ ಎಲ್ಲವನ್ನೂ ಕೇಳಿಸಿಕೊಂಡರು. ನರ್ಸಮ್ಮನಿಗೆ ನೆನಪಿರಲಿಲ್ಲ, ದಿನಕ್ಕೆ ಅರವತ್ತು ಜನ ಏರಿ ಇಳಿಯುವ ಯಂತ್ರ ಅದು.

"ನಿಮ್ಮ ಮಾತು ನಂಬ್ತೀನಿ" ಎಂದರು ಡಾಕ್ಟರಮ್ಮ. "ಆದ್ರೆ ತಿರಸ್ಕಾರ ಬಂದಮೇಲೆ ನಾನು ತೂಕ ತಿದ್ದಿದ್ರೆ ಅವರು ಏನಂತಾರೆ ನೀವೇ ಹೇಳಿ. ಅವತ್ತಿನದೇ ಬೇರೆ ಯಾವುದಾದ್ರೂ ದಾಖಲೆ ಇದ್ರೆ ತನ್ನಿ, ತಿದ್ದಿ ಸಹಿ ಹಾಕ್ತೀನಿ."

ಮನುಷ್ಯರು ತಮ್ಮ ತೂಕದ ದಾಖಲೆಯನ್ನು ಎಲ್ಲಿ ಇಡುತ್ತಾರೆ? ನಾನು ಬೇಡಿಕೊಳ್ಳಲು ಪದ ಹುಡುಕುತ್ತಿದ್ದೆ. ಅಕ್ಕ ಕುರ್ಚಿಯ ಕೈ ಹಿಡಿದು ಎದ್ದಳು. ನಿಧಾನವಾಗಿ ನಡೆದು ಬಸ್ ನಿಲ್ದಾಣ ಸೇರಿದೆವು. ಬೆಂಚಿನ ಮೇಲೆ ಕೂತಮೇಲೆ, "ದಾಖಲೆ ಇದೆ" ಎಂದಳು.

ಅಂಗಳದಲ್ಲಿ ಲಾರಿಯ ಕಾಟಾ ಅಲ್ಲದೆ ತಾಮ್ರ, ಹಿತ್ತಾಳೆ ತೂಗಲು ನೆಲಕ್ಕೆ ಕೂರಿಸಿದ ಒಂದು ಸಣ್ಣ ಕಾಟಾ ಇದೆ, ನೂರು ಗ್ರಾಂ ವ್ಯತ್ಯಾಸವನ್ನೂ ತೋರಿಸುವಂಥದ್ದು. ದಿನಾ ಬೆಳಿಗ್ಗೆ ಅದನ್ನು ಪರೀಕ್ಷಿಸಿ ಪುಸ್ತಕದಲ್ಲಿ ಬರೆಯಬೇಕು. ಮೊದಲು ಸರ್ಕಾರಿ ಮುದ್ರೆಯಿರುವ ಇಪ್ಪತ್ತು ಕಿಲೋದ ತೂಕದ ಬಟ್ಟು, ಆಮೇಲೆ ಅದಕ್ಕಿಂತ ಭಾರದ, ದಿನಾ ಒಂದೇ ತೂಕವಿರುವ ಯಾವುದಾದರೂ ವಸ್ತು. ಖಾನೆಯ ಹೆಸರೇ 'ಸ್ಥಿರ ವಸ್ತು'. ಭಾರದ ವಸ್ತುವನ್ನು ದಿನಾ ಎತ್ತಿಡಲು ಆಳಿಲ್ಲ. ಮೂರು ವರ್ಷದಿಂದ ಅಕ್ಕ ಬೂಟು ಜಾಕೆಟ್ಟು ಸಮೇತ ತಾನೇ ಏರಿ ನಿಲ್ಲುತ್ತಿದ್ದಳು.

"ಅವತ್ತು ಬೆಳಿಗ್ಗೆ ಎಂಬತ್ತೊಂಬತ್ತು ಪಾಯಿಂಟ್ ಎರಡು. ಆಸ್ಪತ್ರೇಲೂ ಅಷ್ಟೇ ತೋರಿಸ್ತು. ಪರವಾಗಿಲ್ಲ, ಇವರ ಯಂತ್ರ ಸರಿಯಾಗಿದೆ ಅನ್ಕೊಂಡೆ."

"ಇದನ್ನ ಒಳಗೇ ಹೇಳೋದಲ್ವಾ!"

"ನಕಲಿಗೆ ಯಜಮಾನರ ಮುದ್ರೆ ಬೇಕು ಕಣೆ. ಅದು ಯಾವ ವಸ್ತು ಅಂತ ಅವರಿಗೆ ಹೇಳ್ಬೇಕು. ಯಾಕೆ ಬೇಕು ಅಂತ ಹೇಳ್ಬೇಕು. ಮಂಡಿ ವಿಷಯ ಬರತ್ತೆ."

ಅವಳಿಗೆ ಭಯವಿದ್ದದ್ದು ಅಲ್ಲಿ. ಬಸ್ಸು ಬಂದು, ನಿಂತು, ಹೋಯಿತು. ಅವಳು ಏಳಲಿಲ್ಲ. ನಾನು ಒತ್ತಾಯ ಮಾಡಿದರೆ ಅವಳು ಖಂಡಿತ ಮನೆ ಕಡೆ ತಿರುಗುತ್ತಾಳೆ. ಮುಂದಿನ ಬಸ್ಸಿಗೆ ಹತ್ತಿದಳು.

ಯಜಮಾನರು ಎಪ್ಪತ್ತು ದಾಟಿದ, ಕಿವಿ ಸ್ವಲ್ಪ ಮಂದವಾದ ಮನುಷ್ಯ. ಅವರ ಕೋಣೆ ನೆಲದ ಮೇಲೇ ಇತ್ತು, ಎಣ್ಣೆ ಮತ್ತು ತುಕ್ಕಿನ ವಾಸನೆ. ಅಕ್ಕ ಪುಸ್ತಕ ಮುಂದಿಟ್ಟು ಆ ಸಾಲಿನ ಮೇಲೆ ಬೆರಳಿಟ್ಟಳು.

"ಈ ಪುಟದ ನಕಲು ಬೇಕು ಯಜಮಾನ್ರೆ, ಮುದ್ರೆ ಹಾಕಿ. ವಿಮೆಯವರಿಗೆ."

"ಗುಜರಿಗೆ ಯಾವ ವಿಮೆ?"

"ಗುಜರಿ ಅಲ್ಲ. ಇದು ನನ್ನ ತೂಕ."

ಯಜಮಾನರು ಕನ್ನಡಕ ಏರಿಸಿ ಪುಟ ನೋಡಿದರು. ಹಿಂದಿನ ಪುಟ ನೋಡಿದರು. ಹಿಂದಿನ ವರ್ಷಕ್ಕೆ ಹೋದರು.

"ಮೂರು ವರ್ಷದಿಂದ ಸಹಿ ಹಾಕ್ತಿದೀನಲ್ಲಮ್ಮ ಇದಕ್ಕೆ! ನಾನು ಇದನ್ನ ಮೂಲೇಲಿರೋ ಹಳೇ ಎಂಜಿನ್ ಅನ್ಕೊಂಡಿದ್ದೆ. ವರ್ಷ ವರ್ಷ ಭಾರ ಆಗೋ ಎಂಜಿನ್ ಯಾವ ಕಂಪನಿದಪ್ಪಾ ಅಂತ ನನಗೂ ಅನುಮಾನ. ಈಗೆರಡು ತಿಂಗಳಿಂದ ಇಳೀತಿದೆ. ಯಾರೋ ಬಿಡಿಭಾಗ ಕದೀತಿದಾರೆ ಅಂತ ಮೊನ್ನೆ ಕಾವಲುಗಾರನಿಗೆ ಬೈದೆ!"

ಅಕ್ಕ ಬಾಯಿ ಮುಚ್ಚಿಕೊಂಡು ನಕ್ಕಳು. ಕಣ್ಣಲ್ಲಿ ನೀರು ಬರುವವರೆಗೂ ನಕ್ಕಳು. ಆ ನಗುವಿನ ನಡುವೆಯೇ ಮಂಡಿ, ಆಪರೇಷನ್, ಪೆನ್ನು, ಎಲ್ಲ ಹೇಳಿ ಮುಗಿಸಿದಳು. ಯಜಮಾನರು ಮುದ್ರೆಯನ್ನು ಶಾಯಿಗೆ ಒತ್ತಿದರು.

"ಮಂಡಿ ನನಗೆ ಗೊತ್ತು. ನೀನು ಬೇಗ ಬರ್ತೀಯ, ನಾನು ನಿನಗಿಂತ ಬೇಗ ಬರ್ತೀನಿ. ಕಿಟಕಿಯಿಂದ ಕಾಣತ್ತೆ." ಮುದ್ರೆ ಒತ್ತಿ ಊದಿದರು. "ಈ ವರ್ಷ ಮುಗಿಯೋದ್ರೊಳಗೆ ಮುಗಿಸ್ಕೊ. ಅಲ್ಲೀವರೆಗೆ ಕಾಯ್ತೀನಿ. ಆಮೇಲೂ ಕಾಯ್ತೀನಿ ಅಂತ ಸುಳ್ಳು ಹೇಳಲ್ಲ."

ಡಾಕ್ಟರಮ್ಮ ಆ ಪುಟವನ್ನು ಬಹಳ ಹೊತ್ತು ನೋಡಿದರು. ಮೇಲೆ ತೂಕ ಮಾಪನ ಇಲಾಖೆಯ ಮುದ್ರೆ, ಕೆಳಗೆ ಸಹಿ, ನಡುವೆ ಅಕ್ಕನ ಗುಂಡಗಿನ ಅಕ್ಷರ. "ನಮ್ಮ ಆಸ್ಪತ್ರೆಯ ಯಂತ್ರಕ್ಕೆ ಇಷ್ಟು ದಾಖಲೆ ಇಲ್ಲ" ಎಂದು ತಿದ್ದಿದರು. ನಾನು ಈ ಸಲ ಚೆಂದದ ಪತ್ರ ಬರೆಯಲಿಲ್ಲ. ಒಟ್ಟು ತೂಕ, ಕಳೆಯಬೇಕಾದದ್ದು, ನಿವ್ವಳ. ಮೂರು ಸಾಲು, ಬೂಟಿನಿಂದ ಕನ್ನಡಕದವರೆಗೆ ಪಟ್ಟಿ.

ಕೊನೆಯ ಪೆನ್ನು ಚುಚ್ಚಿಕೊಂಡ ಆರನೆಯ ದಿನ ಉತ್ತರ ಬಂತು. ಆರು ತಿಂಗಳಿಗೆ ಒಪ್ಪಿಗೆ. ಪತ್ರದ ತಾರೀಖಿನಿಂದ ಮಾತ್ರ. ಹಿಂದೆ ಕೊಟ್ಟ ಎರಡು ಪೆಟ್ಟಿಗೆಯ ಹಣ ಬರುವುದಿಲ್ಲ. ಆರು ತಿಂಗಳಾದಮೇಲೆ ಮತ್ತೆ ತೂಕ ತೋರಿಸಿ ಮತ್ತೆ ಕೇಳಬೇಕು. ನಾನು ಪತ್ರವನ್ನು ಮೂರು ಸಲ ಓದಿದೆ, 'ಇಲ್ಲ' ಎಂಬ ಪದ ಎಲ್ಲಾದರೂ ಅಡಗಿ ಕೂತಿದೆಯೇ ಎಂದು.

"ನಿನ್ನ ಠೇವಣಿ ಹೋಯ್ತಲ್ಲೇ" ಎಂದಳು ಅಕ್ಕ.

"ಹೋಗ್ಲಿ ಬಿಡು. ನಾಚಿಕೆಗೊಂದು ಕಿಲೋ ಅಂದ್ಯಲ್ಲ, ಅದರ ಬೆಲೆ."

"ದುಬಾರಿ ಆಯ್ತು."

ಮರುದಿನ ಬೆಳಿಗ್ಗೆ ಅವಳ ಜೊತೆ ನಾನೂ ಅಂಗಳಕ್ಕೆ ಹೋದೆ. ಅಲ್ಲಿಂದ ಔಷಧಿ ಅಂಗಡಿ ಹತ್ತಿರ. ಯಜಮಾನರ ಕಿಟಕಿಯಲ್ಲಿ ಆಗಲೇ ದೀಪವಿತ್ತು. ಅಕ್ಕ ಬಟ್ಟು ಇಟ್ಟು ನೋಡಿದಳು, ತೆಗೆದಳು, ತಾನು ಏರಿ ನಿಂತಳು, ಇಳಿದು ಪುಸ್ತಕ ತೆರೆದಳು. 'ಸ್ಥಿರ ವಸ್ತು' ಎಂಬ ಖಾನೆಯಲ್ಲಿ ಬರೆದದ್ದನ್ನು ನಾನು ಭುಜದ ಮೇಲಿಂದ ಓದಿದೆ: ಎಂಜಿನ್, ಬೂಟು ಸಮೇತ, ೮೪.೭.

ಆಮೇಲೆ ಮೆಟ್ಟಿಲು ಹತ್ತತೊಡಗಿದಳು. ನಾನು ಗೇಟಿನ ಹಿಂದೆ ಹೋಗದೆ ಅಲ್ಲೇ ನಿಂತು ಎಣಿಸಿದೆ. ನಾಲ್ಕನೆಯದರಲ್ಲಿ ನಿಲ್ಲಲಿಲ್ಲ. ಆರನೆಯದರಲ್ಲಿ ನಿಂತು, ಕಂಬಿ ಹಿಡಿದು, ಹಿಂತಿರುಗಿ ನೋಡಿದಳು.

"ಏನು ಲೆಕ್ಕ ಹಾಕ್ತಿದೀಯ? ಹೋಗೆ, ಅಂಗಡಿ ತೆಗೆದಿರತ್ತೆ."