ಹಗ್ಗದ ಮೇಲಿನ ಇಳಕಲ್ ಸೀರೆ

"ಒಳಗ ತರಬ್ಯಾಡ್ರಿ," ಎನ್ನುತ್ತ ಪ್ರೇಮಾವತಿ ಎರಡೂ ಕೈ ಚಾಚಿ ಬಾಗಿಲಿಗೆ ಅಡ್ಡ ನಿಂತಳು. "ಮನ್ಯಾಗ ಅಮ್ಮ ಅದಾಳ. ಹೆಣ ಹೊಸ್ತಿಲ ದಾಟಬಾರದು."

ಸ್ಟ್ರೆಚರಿನ ಒಂದು ತುದಿ ಹಿಡಿದಿದ್ದ ಮನೋಹರ ಅಲ್ಲೇ ನಿಂತ. ಅದರ ಮೇಲೆ ಅವನ ತಾಯಿ ಮರೆಮ್ಮ ದವಾಖಾನೆಯ ಬಿಳಿ ಬಟ್ಟೆ ಸುತ್ತಿಕೊಂಡು ಮಲಗಿದ್ದಳು. ಇನ್ನೊಂದು ತುದಿ ಹಿಡಿದಿದ್ದ ಆಂಬುಲೆನ್ಸಿನ ಡ್ರೈವರ್, "ಲವಕರ ಕರಾ ಭಾವೂ," ಎಂದು ಮರಾಠಿಯಲ್ಲಿ ಅವಸರಿಸಿದ. ಪುಣೆಯ ಭೋಸರಿಯಲ್ಲಿ ಕಾರ್ಖಾನೆಗಳ ಬೆನ್ನಿಗಿದ್ದ ಆ ತಗಡಿನ ಚಾಳಿನ ಓಣಿಯಲ್ಲಿ ಸ್ಟ್ರೆಚರ್ ತಿರುಗಿಸಲೂ ಜಾಗವಿರಲಿಲ್ಲ. ಪಕ್ಕದ ಮನೆಯ ಪ್ರೇಮಾವತಿ ಹೇಳಿದ್ದು ಸುಳ್ಳೂ ಅಲ್ಲ. ಮಕ್ಕಳಿಗೆ ಅಮ್ಮ, ಅಂದರೆ ಸೀತಾಳೆ ಸಿಡುಬು, ಎದ್ದು ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿ ಮೂರು ವಾರ ದಾಟಿತ್ತು. ಆ ಮನೆಯಲ್ಲಿ ಒಗ್ಗರಣೆಯ ವಾಸನೆ ಎದ್ದೂ ಅಷ್ಟೇ ದಿನವಾಗಿತ್ತು.

ಕೊನೆಗೆ ಮರೆಮ್ಮನನ್ನು ನಳದ ಕಟ್ಟೆಯ ಮೇಲೆ ಇಳಿಸಿದರು. ಹೆಂಗಸರು ತಮ್ಮ ಕೊಡಗಳನ್ನು ಸರಿಸಿ ಜಾಗ ಮಾಡಿಕೊಟ್ಟರು. ಹತ್ತು ವರ್ಷ ಆ ನಳದಲ್ಲಿ ಮೊದಲ ಕೊಡ ಮರೆಮ್ಮನದೇ ಆಗಿತ್ತು. ಅದಕ್ಕಾಗಿ ಆಕೆ ಓಣಿಯವರೆಲ್ಲರ ಜೊತೆ ಒಂದಲ್ಲ ಒಂದು ದಿನ ಜಗಳವಾಡಿದ್ದಳು. ಈಗ ಯಾರೂ ಜಗಳಕ್ಕೆ ಬರಲಿಲ್ಲ.

ಮನೆಯೊಳಗೆ ಸೊಸೆ ಸಪ್ನಾ ಎರಡು ತಿಂಗಳ ಕೂಸನ್ನು ಎದೆಗವಚಿಕೊಂಡು ಗೋಡೆಗೆ ಒರಗಿದ್ದಳು. ಅತ್ತೆ ಹೊರಗೆ ಹೆಣವಾಗಿ ಮಲಗಿದ್ದಾಳೆ, ಎದ್ದು ಹೋಗಿ ಕಾಲು ಮುಟ್ಟಬೇಕು ಎಂಬುದು ಅವಳಿಗೆ ಗೊತ್ತಿತ್ತು. ಆದರೆ ಅವಳ ಕಣ್ಣು ಕೂಸಿನ ಕಿವಿಯ ಕೆಳಗಿನ ಒಂದು ಕೆಂಪು ಚುಕ್ಕೆಯನ್ನು ಬಿಟ್ಟು ಅಲುಗಲಿಲ್ಲ. ಬೆಳಿಗ್ಗೆ ಹಾಲೂಡಿಸುವಾಗ ಕಂಡದ್ದು ಅದು. ಅವಳು ಅದನ್ನು ಇನ್ನೂ ಯಾರಿಗೂ ಹೇಳಿರಲಿಲ್ಲ, ಗಂಡನಿಗೂ. ಹೇಳಿದರೆ ನಿಜವಾಗಿಬಿಡುತ್ತದೆ ಎಂಬ ಹೆದರಿಕೆ.

ಇಂಥ ಚುಕ್ಕೆ ನೋಡಿ ಇದು ಇಂಥದ್ದೇ ಎಂದು ಹೇಳಬಲ್ಲ ಹೆಂಗಸು ಆ ಮನೆಯಲ್ಲಿ ಒಬ್ಬಳೇ ಇದ್ದಳು. ಅವಳು ನಳದ ಕಟ್ಟೆಯ ಮೇಲಿದ್ದಳು.

*

ಮೂರು ವಾರದ ಹಿಂದೆ ಆರು ವರ್ಷದ ಮೊಮ್ಮಗಳು ರಕ್ಷಿತಾ ಶಾಲೆಯಿಂದ ಮೈ ಕೆರೆದುಕೊಳ್ಳುತ್ತ ಬಂದಿದ್ದಳು. ಮರೆಮ್ಮ ಅವಳ ಅಂಗಿ ಎತ್ತಿ, ಬೆನ್ನಿನ ಮೇಲಿನ ಗುಳ್ಳೆಯೊಂದನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದಳು.

"ಅಮ್ಮ ಎದ್ದಾಳ," ಎಂದಳು, ನೆಂಟರು ಬಂದಿದ್ದಾರೆ ಎನ್ನುವಷ್ಟು ಸಲೀಸಾಗಿ. "ಸಪ್ನಾ, ಕೂಸಿನ್ನ ತಗೊಂಡು ಆ ಮೂಲಿಗೆ ಸರಿ. ನಿನಗ ಸಣ್ಣಾಕಿದ್ದಾಗ ಬಂದಿತ್ತೇನು?"

"ಇಲ್ಲತ್ತಿ."

"ಮನೋಹರಗೂ ಬಂದಿಲ್ಲ. ಅವ ಕಂಪನ್ಯಾಗ ಮಲಗಲಿ. ನಿಮ್ಮ ಮಾವನ ಮಣಕಾಲು ಮಡಚೂದಿಲ್ಲ, ಕೂಸುಗೋಳ್ನ ಏನು ನೋಡ್ತಾನ? ಅವ ಹಡಪಸರದಾಗ ವಾಚಮನ್ ಖೋಲ್ಯಾಗೇ ಇರ್ಲಿ."

"ಮತ್ತ ನಿಮಗ?"

ಮರೆಮ್ಮ ರವಿಕೆಯ ತೋಳು ಮೇಲೆ ಸರಿಸಿದಳು. ಮೊಳಕೈಯ ಮೇಲೆ ಮೂರು ಸಣ್ಣ ಕುಳಿಗಳಿದ್ದವು. "ನನಗ ಬಂದು ಹೋಗ್ಯಾಳ. ನೋಡು, ಗುರುತು. ಒಮ್ಮಿ ಬಂದ ಮೈಗೆ ಆಕಿ ಮತ್ತ ಬರೂದಿಲ್ಲ."

ಆಮೇಲೆ ಟ್ರಂಕಿನ ತಳದಿಂದ ಹಸಿರು ಇಳಕಲ್ ಸೀರೆ ತೆಗೆದಳು. ಹಿಂದಿನ ಪಂಚಮಿಗೆ ತವರಿನವರು ಉಡಿಸಿದ ಸೀರೆ. ಒಂದು ದಿನವೂ ಮೈಗೆ ಹಾಕಿರಲಿಲ್ಲ. ನಾನು ಹೋಗುವಾಗ ಇದೇ ನನ್ನ ಮೈಮೇಲಿರಬೇಕು ಎಂದು ಓಣಿಯಲ್ಲೆಲ್ಲ ಹೇಳಿಕೊಂಡು ತಿರುಗಿದ್ದಳು. ಅದನ್ನೀಗ ಎರಡು ಪದರ ಮಡಚಿ, ಹತ್ತಡಿಯ ಕೋಣೆಯ ನಡುವೆ ಗೋಡೆಯಿಂದ ಗೋಡೆಗೆ ಹಗ್ಗ ಕಟ್ಟಿ ಇಳಿಬಿಟ್ಟಳು.

"ಅಯ್ಯ ಅತ್ತಿ, ಹಳೀದು ಯಾವದರ ಹಾಕ್ರಿ."

"ಹಳೆವೆಲ್ಲ ತೂತು. ಇದರಾಗ ಗಾಳಿ ಸೈತ ಹಾಯೂದಿಲ್ಲ." ಅಷ್ಟು ಹೇಳಿ ರಕ್ಷಿತಾಳ ಕೈ ಹಿಡಿದು ಸೀರೆಯ ಆಚೆಗೆ ಹೋದಳು.

ದವಾಖಾನೆಯ ಡಾಕ್ಟರರೂ ಬೇರೆ ಮಾತಿನಲ್ಲಿ ಅದನ್ನೇ ಹೇಳಿದ್ದರು: ಎಳೆಯ ಕೂಸಿಗೆ ತಗುಲಿದರೆ ಕಷ್ಟ, ದೂರ ಇಡಿ, ಕೊನೆಯ ಗುಳ್ಳೆ ಒಣಗುವವರೆಗೆ. ಹತ್ತಡಿಯ ಕೋಣೆಯಲ್ಲಿ ದೂರ ಎನ್ನುವುದು ಎಲ್ಲಿಂದ ಬರಬೇಕು ಎಂದು ಅವರು ಹೇಳಲಿಲ್ಲ. ಮೂರು ವರ್ಷದ ಹರ್ಷಾ ಮೊದಮೊದಲು ಸಪ್ನಾಳ ಕಡೆಗೇ ಇದ್ದ. ಎರಡು ವಾರ ಕಳೆಯುವಷ್ಟರಲ್ಲಿ ಅವನ ಹಣೆಯ ಮೇಲೂ ಗುಳ್ಳೆ ಎದ್ದಿತು. ಮರೆಮ್ಮ ಸೀರೆಯ ಕೆಳಗಿನಿಂದ ಕೈ ಚಾಚಿ, ಅವನನ್ನೂ ಎಳೆದುಕೊಂಡಳು. ಅಂದಿನಿಂದ ಸಪ್ನಾ ತನ್ನ ಮಗನ ದನಿಯನ್ನಷ್ಟೇ ಕೇಳಿದ್ದಳು.

*

ಹೊರಗೆ ಹೆಂಗಸರು ಕೂಡಿದ್ದರು. ಯಾರೂ ಅಳುವ ಹಾಗಿರಲಿಲ್ಲ. ಅಮ್ಮ ಮನೆಯಲ್ಲಿರುವಾಗ ಅತ್ತರೆ ಆಕೆಗೆ ಸಿಟ್ಟು ಬಂದು ಮಕ್ಕಳ ಮೇಲೆ ತೀರಿಸಿಕೊಳ್ಳುತ್ತಾಳೆಂದು ಪ್ರೇಮಾವತಿ ಬಂದವರಿಗೆಲ್ಲ ಹೇಳುತ್ತಿದ್ದಳು. ಹಾಗಾಗಿ ಎಲ್ಲರೂ ಸೆರಗು ಬಾಯಿಗೆ ತುರುಕಿಕೊಂಡು ನಿಂತಿದ್ದರು. ಮರೆಮ್ಮನಿಗೆ ಇದಕ್ಕಿಂತ ದೊಡ್ಡ ಅನ್ಯಾಯವಿರಲಿಲ್ಲ. ಸುರಪುರದ ಕಡೆಯಿಂದ ಇಟ್ಟಿಗೆ ಹೊರಲು ಬಂದು ಇಪ್ಪತ್ತೆರಡು ವರ್ಷ ಪುಣೆಯಲ್ಲಿ ಕಳೆದ ಆಕೆ, ಊರ ಕಡೆಯವರಲ್ಲಿ ಯಾರು ಸತ್ತರೂ ಕೂಲಿ ಬಿಟ್ಟು ಹೋಗಿ, ಸತ್ತವರ ಗುಣವನ್ನೆಲ್ಲ ಹಾಡಿ ಹಾಡಿ ಅಳುತ್ತಿದ್ದಳು. ಸತ್ತವರಲ್ಲಿ ಗುಣವಿಲ್ಲದಿದ್ದರೆ ತಾನೇ ಒಂದೆರಡು ಸೇರಿಸುತ್ತಿದ್ದಳು. ಆಕೆಯ ಸರದಿ ಬಂದಾಗ ಓಣಿ ಮೂಕವಾಗಿ ನಿಂತಿತ್ತು.

ಹತ್ತು ಗಂಟೆಯ ಹೊತ್ತಿಗೆ ಊರಿನ ಬಸ್ಸಿಳಿದು ಮರೆಮ್ಮನ ತಂಗಿ ತಾಯಮ್ಮ ಬಂದಳು. ಉಟ್ಟ ಸೀರೆಯಲ್ಲೇ ಓಡಿಬಂದಿದ್ದಳು, ಕೈಯಲ್ಲೊಂದು ಬರಿದಾದ ಚೀಲ. ಅಕ್ಕನ ಮುಖ ನೋಡಿ ಬಾಯಿ ತೆರೆದಳು. ಪ್ರೇಮಾವತಿ ತಕ್ಷಣ ಅವಳ ಬಾಯಿ ಮುಚ್ಚಿ ಕಿವಿಯಲ್ಲಿ ಏನೋ ಹೇಳಿದಳು. ತಾಯಮ್ಮ ಅಳು ನುಂಗಿ, ಸೀದಾ ಮನೆಯೊಳಗೆ ನುಗ್ಗಿದಳು.

"ಸಪ್ನಾ, ನಮ್ಮಣ್ಣ ಉಡಿಸಿದ ಹಸರ ಸೀರಿ ಎಲ್ಲಿ? ಮುತ್ತೈದಿ ಆಕಿ. ತವರಮನಿ ಸೀರಿ ಇಲ್ಲದ ಕಳಸಬಾರದು."

ಸಪ್ನಾ ಹಗ್ಗದ ಕಡೆ ನೋಡಿದಳು. ಮಡಿಕೆಯ ನಡುವೆ ಸಿಕ್ಕಿಸಿದ್ದ ಬೇವಿನ ಎಸಳು ಒಣಗಿತ್ತು. ಸೀರೆಯ ಆಚೆ ಹರ್ಷಾ ನರಳುತ್ತ, "ಅಜ್ಜಿ ಬಂದ್ಳೇನ?" ಎಂದು ಅಕ್ಕನನ್ನು ಕೇಳುತ್ತಿದ್ದ.

"ಇಷ್ಟು ಛಲೋ ಸೀರಿ ಹಿಂಗ ಕಟ್ಟ್ಯಾರಲ್ಲ," ಎಂದು ತಾಯಮ್ಮ ಬಿಚ್ಚಲು ಕೈ ಹಾಕಿದಳು.

"ಬಿಚ್ಚಬ್ಯಾಡ್ರಿ ಚಿಗವ್ವ. ಹರ್ಷಾನ ಗುಳ್ಳಿ ಇನ್ನೂ ಹಸಿ ಅದಾವ. ಈ ಕಡೆ ಕೂಸದ."

"ಆಗಿಂದಲೂ ಕೇಳ್ಬೇಕಂತೀನಿ. ಅಕ್ಕಗ ಏನಾಗಿತ್ತು? ಫೋನಿನ್ಯಾಗ ಮನೋಹರ ನ್ಯೂಮೋನಿಯಾ ಅಂದ."

"ಅಮ್ಮನೇ ಎದ್ದಿದ್ಳು. ಎದಿಗಿ ಇಳೀತು ಅಂದ್ರು ಡಾಕ್ಟರ್. ದೊಡ್ಡವರಿಗೆ ಬಂದ್ರ ಹಂಗ ಆಗ್ತದಂತ." ಸಪ್ನಾ ಕೂಸಿನ ತಲೆಗೆ ಸೆರಗು ಮುಚ್ಚಿದಳು. "ನನಗ ಅದೇ ತಿಳೀವಲ್ದು. ಅತ್ತಿಗೆ ಸಣ್ಣಾಕಿದ್ದಾಗ ಬಂದು ಹೋಗಿತ್ತಲ್ಲ. ಮತ್ತ ಹೆಂಗ ಬಂತು?"

"ಯಾರಿಗಿ ಬಂದಿತ್ತು?"

"ಅತ್ತಿಗೆ. ತೋಳಿನ ಮ್ಯಾಗ ಗುರುತ ಇತ್ತಲ್ಲ, ಮೂರು ಕುಳಿ."

ತಾಯಮ್ಮ ಸೀರೆಯ ಮೇಲಿನ ಕೈ ತೆಗೆದಳು.

"ಅದು ರೊಟ್ಟಿ ಬಡಿಯೂಮುಂದ ಒಲಿ ಕೆಂಡ ಸಿಡದದ್ದು. ನಾನೇ ಊದಿದ್ದೆ, ನನಗ ನೆನಪದ. ನಮ್ಮ ಮನ್ಯಾಗ ಯಾರಿಗೂ ಅಮ್ಮ ಬಂದಿಲ್ಲವ್ವ. ಊರಾಗ ಬಂದಾಗೆಲ್ಲ ನಮ್ಮವ್ವ ನಮ್ಮನ್ನ ಅಡವ್ಯಾಗ ಗುಡಿಸಲಾ ಹಾಕಿ ಇಟ್ಟಿದ್ಳು. ಅಕ್ಕಗೂ ಇಲ್ಲ, ನನಗೂ ಇಲ್ಲ."

ಸಪ್ನಾ ಕೂಸಿನ ಸಮೇತ ಕೆಳಗೆ ಕೂತಳು. ಅಂದು, ಆ ತೋಳು ತೋರಿಸಿದಾಗ, ತನಗೆ ಎಷ್ಟು ಹಗುರವಾಗಿತ್ತು ಎಂಬುದು ನೆನಪಾಗಿ ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು.

*

ಮರೆಮ್ಮ ತನ್ನ ಮೈಮೇಲೆದ್ದ ಗುಳ್ಳೆಗಳನ್ನು ಐದು ದಿನ ಮುಚ್ಚಿಟ್ಟಿದ್ದಳು. ಆ ಬಿಸಿಲಲ್ಲೂ ಗಂಡನ ಉದ್ದ ತೋಳಿನ ಅಂಗಿ ತೊಟ್ಟಿದ್ದಳು. ಚಳಿ, ಎಂದಿದ್ದಳು. ಸೀರೆಯ ಆಚೆಯಿಂದ ಕೆಮ್ಮು ಕೇಳಿದರೆ, ಹೊಗೆ, ಎಂದಿದ್ದಳು. ಮಕ್ಕಳಿಗೆ ತಣ್ಣನ್ನ ಕಲಸಿ ಉಣ್ಣಿಸುತ್ತ, ಬೇವಿನ ಎಸಳಿನಿಂದ ಮೈ ಸವರುತ್ತ, ಮಧ್ಯೆ ಮಧ್ಯೆ ಈಚೆಗಿದ್ದ ಸೊಸೆಗೆ ಪಾಠ ಹೇಳುತ್ತಿದ್ದಳು.

"ಕೂಸಿನ ಮೈಮ್ಯಾಗ ಏನರ ಕಂಡ್ರ ಗಾಬರಿ ಆಗಬ್ಯಾಡ. ಹೆಬ್ಬಟ್ಟಲೆ ಒತ್ತಿ ನೋಡು. ಒಳಗ ನೀರಿನ ಹನಿ ಹೊಳದ್ರ ಅಮ್ಮ. ಕೆಂಪು ಹೋಗಿ ಚಪ್ಪಟ ಆದ್ರ ಸೊಳ್ಳಿ. ಬೆಳಕಿನ್ಯಾಗ ನೋಡ್ಬೇಕು, ಮತ್ತ."

ಆರನೆಯ ದಿನ ಮಾತು ತುಂಡು ತುಂಡಾಗಿ ಬರತೊಡಗಿತು. ಸಪ್ನಾ ಮನೋಹರನಿಗೆ ಫೋನ್ ಮಾಡಿದಳು. ರಿಕ್ಷಾ ಹತ್ತಿಸುವಾಗ ಮರೆಮ್ಮನ ಮುಖದ ಮೇಲೆಲ್ಲ ಗುಳ್ಳೆಗಳಿದ್ದವು. ಆಕೆ ಅಷ್ಟು ಏದುಸಿರಿನಲ್ಲೂ ಹಿಂತಿರುಗಿ, "ಸೀರಿ ಬಿಚ್ಚಬ್ಯಾಡ," ಎಂದಳು. "ಕಡೀ ಹೊಪ್ಪಳಿ ಉದುರೂತನಕ." ಸಪ್ನಾ ಕೇಳಿದ ಕೊನೆಯ ಮಾತು ಅದು. ಆಮೇಲಿನ ಮೂರು ದಿನ ಅವಳು ಸೀರೆಯ ಕೆಳಗೆ ತಾಟು ಸರಿಸುತ್ತಿದ್ದಳು. ಆಚೆ ಇಬ್ಬರು ಮಕ್ಕಳೇ ಇದ್ದರು.

*

"ಮಣ್ಣಿಗೆ ಹೊತ್ತಾತು," ಎಂದು ಮಾವ ತಾಯಪ್ಪ ಬಾಗಿಲಿಗೆ ಬಂದು ನಿಂತ. ಮಡಚದ ಕಾಲನ್ನು ಹೊಸ್ತಿಲ ಹೊರಗೇ ಚಾಚಿಕೊಂಡಿದ್ದ. "ಸೀರಿ ಕೊಡ್ರಿ. ಅದನ್ನ ಹಾಕಬೇಕಂತ ನನಗೆ ನೂರು ಸಲ ಹೇಳ್ಯಾಳ."

"ಹ್ಯಾಂಗ ಕೊಡೂದು ಭಾವ? ಕೂಸಿಗಿ ಮರೆ ಅದೊಂದೇ ಅದ," ಎಂದಳು ತಾಯಮ್ಮ. ಈಗ ಅವಳೇ ಸೀರೆಯ ಮುಂದೆ ಅಡ್ಡ ನಿಂತಿದ್ದಳು.

"ಹೊಸಾದು ತರಲೇನು, ಅಂಗಡಿಯಿಂದ?" ಎಂದ ಹಿಂದಿನಿಂದ ಮನೋಹರ.

"ತವರಿಂದು ಬೇಕು ಅಂತ ಅಂದಿದ್ಳು," ಎಂದ ತಾಯಪ್ಪ. ಮರೆಮ್ಮ ಜೀವಮಾನದಲ್ಲಿ ತನಗಾಗಿ ಕೇಳಿದ್ದು ಎರಡೇ: ನಳದ ಮೊದಲ ಕೊಡ ಮತ್ತು ಈ ಸೀರೆ.

ಸಪ್ನಾ ಎದ್ದಳು. ಕೂಸನ್ನು ಗಂಡನ ಕೈಗೆ ಕೊಟ್ಟು, ಓಣಿಯ ಆಚೆ ಹೋಗಿ ನಿಲ್ಲಲು ಹೇಳಿದಳು. ಹಗ್ಗದಿಂದ ಸೀರೆ ಇಳಿಸಿದಳು. ಸೀರೆಯಿಲ್ಲದ ಆ ಗಳಿಗೆಯಲ್ಲಿ, ಎಂಟು ದಿನದ ಮೇಲೆ, ಅವಳು ಹರ್ಷಾನನ್ನು ನೋಡಿದಳು. ಮುಖವೆಲ್ಲ ಅರೆ ಒಣಗಿದ ಗುಳ್ಳೆಗಳ ಹೊಪ್ಪಳೆ ಕಟ್ಟಿದ್ದ ಅವನು ಅವ್ವನನ್ನು ಕಂಡು ನಗಬೇಕೋ ಅಳಬೇಕೋ ತಿಳಿಯದೆ ಕೈ ಚಾಚಿದ. ಅವಳು ಹೋಗಲಿಲ್ಲ. ಹೋಗದಿರುವುದು ಅಷ್ಟು ಕಷ್ಟವೆಂದು ಅವಳಿಗೆ ಗೊತ್ತಿರಲಿಲ್ಲ.

ಸೀರೆಯ ನಟ್ಟನಡುವೆ ಅಂಚನ್ನು ಹಲ್ಲಿನಿಂದ ಕಚ್ಚಿ, ಎರಡೂ ಕೈಯಿಂದ ಎಳೆದಳು. ಗಟ್ಟಿ ಇಳಕಲ್, ಸುಲಭಕ್ಕೆ ಬಗ್ಗಲಿಲ್ಲ. ತಾಯಮ್ಮ ಇನ್ನೊಂದು ತುದಿ ಹಿಡಿದಳು. ಅಳು ಕೇಳದ ಆ ಸಾವಿನಲ್ಲಿ ಓಣಿಗೆಲ್ಲ ಕೇಳಿದ್ದು ಸೀರೆ ಹರಿದ ಸದ್ದೊಂದೇ.

ಸೆರಗಿದ್ದ ಅರ್ಧ ಮರೆಮ್ಮನ ಮೈಮೇಲೆ ಹೋಯಿತು. ಉಳಿದರ್ಧವನ್ನು ಸಪ್ನಾ ಮತ್ತೆ ಹಗ್ಗಕ್ಕೆ ಹಾಕಿದಳು. ರಕ್ಷಿತಾಳ ಹೊಪ್ಪಳೆಗಳೆಲ್ಲ ಉದುರಿದ್ದರಿಂದ ಅವಳಿಗೆ ಬೇವಿನ ನೀರೆರೆದು ಹೊರಗೆ ಕರೆತಂದರು. ಹುಡುಗಿ ಅಜ್ಜಿಯ ಬಾಯಿಗೆ ಚಮಚದಿಂದ ನೀರು ಬಿಟ್ಟು, "ಕುಡೀವಲ್ಲಳು," ಎಂದಳು. ಸಪ್ನಾ ಕೊನೆಗೆ ಅತ್ತೆಯ ಕಾಲ ಮೇಲೆ ಹಣೆಯಿಟ್ಟಳು. ಆ ಹೊತ್ತಿನಲ್ಲೂ ಅಳಲಿಲ್ಲ.

ಗಂಡಸರು ಮಣ್ಣಿಗೆ ಹೋದರು. ಸಪ್ನಾ ಕೂಸನ್ನು ಬಾಗಿಲ ಬೆಳಕಿಗೆ ಹಿಡಿದು, ಕಿವಿಯ ಕೆಳಗಿನ ಚುಕ್ಕೆಯ ಮೇಲೆ ಹೆಬ್ಬೆರಳಿಟ್ಟಳು. ಒತ್ತಲು ಧೈರ್ಯ ಬರಲಿಲ್ಲ. ಕಣ್ಣು ಮುಚ್ಚಿ ಒತ್ತಿದಳು. ತೆಗೆದು ನೋಡಿದಾಗ ಹನಿಯಿರಲಿಲ್ಲ, ಕೆಂಪು ಹೋಗಿ ಚರ್ಮ ಚಪ್ಪಟೆಯಾಗಿತ್ತು. ಇನ್ನೊಮ್ಮೆ ಒತ್ತಿದಳು. ಸೊಳ್ಳೆಯೇ. ಇವತ್ತಿಗೆ ಸೊಳ್ಳೆ, ನಾಳೆಯ ಮಾತು ನಾಳೆಗೆ. ಕೂಸಿಗೆ ತಗುಲಿಲ್ಲವೆಂದು ನಂಬಲು ಡಾಕ್ಟರರು ಹೇಳಿದ್ದ ಗಡುವಿಗೆ ಇನ್ನೂ ಎರಡು ವಾರವಿತ್ತು.

ಸೀರೆಯ ಆಚೆ ಹರ್ಷಾ ಒಬ್ಬನೇ ಉಳಿದಿದ್ದ. "ಅಜ್ಜೀ, ನೀರು," ಎಂದು ಕರೆದ. ಯಾರೂ ಬರದಿದ್ದಾಗ ದೊಡ್ಡದಾಗಿ ಅಳತೊಡಗಿದ. ತಾಯಮ್ಮ ತಡೆಯಲಾರದೆ ಎದ್ದು, ಒಂದು ಲೋಟ ನೀರು ತುಂಬಿಕೊಂಡು, ಸೀರೆಯ ಅಂಚು ಎತ್ತಿದಳು.

ಸಪ್ನಾ ಅವಳ ಮುಂಗೈ ಹಿಡಿದುಕೊಂಡಳು. "ಬ್ಯಾಡ್ರಿ ಚಿಗವ್ವ. ನಿಮಗೂ ಬಂದಿಲ್ಲ."

"ಕೂಸು ಅಳ್ಲಕತ್ತದ."

"ಗೊತ್ತದ. ಬ್ಯಾಡ್ರಿ."

ಬಾಗಿಲಲ್ಲಿ ಕೂತು ಒದ್ದೆ ಕೂದಲು ಒಣಗಿಸಿಕೊಳ್ಳುತ್ತಿದ್ದ ರಕ್ಷಿತಾ ಎದ್ದು ಬಂದಳು. ಅಂಗಿಯ ತೋಳು ಮೇಲೆ ಸರಿಸಿ, ಮೊಳಕೈ ಮುಂದೆ ಮಾಡಿದಳು. ಅಲ್ಲಿ ಹೊಪ್ಪಳೆ ಬಿದ್ದ ಹೊಸ ಕುಳಿಗಳಿದ್ದವು.

"ನನಗ ಬಂದು ಹೋಗ್ಯಾಳ. ನೋಡು, ಗುರುತು."

ತಾಯಮ್ಮನ ಕೈಯಿಂದ ಲೋಟ ತೆಗೆದುಕೊಂಡು ಹುಡುಗಿ ಬಗ್ಗಿ ಆಚೆಗೆ ಹೋದಳು. ಅಳು ನಿಂತಿತು. ಸೀರೆ ಈಗ ಒಂದೇ ಪದರವಿತ್ತು. ಆಚೆಯ ಸಣ್ಣ ಕಿಟಕಿಯ ಬೆಳಕಿಗೆ, ಹಸಿರಿನ ಮೇಲೆ, ನೆರಳೊಂದು ಚಕ್ಕಳಮಕ್ಕಳ ಹಾಕಿ ಕೂತು, ಇನ್ನೊಂದು ಸಣ್ಣ ನೆರಳಿನ ತಲೆಯ ಹಿಂದೆ ಕೈಯಾನಿಸಿ, ಲೋಟವನ್ನು ನಿಧಾನವಾಗಿ ಬಗ್ಗಿಸುತ್ತಿತ್ತು.